ರೂಲ್ಸಕ್ಕನ ತಾಯಿಯ ಊಟ

ನಮ್ಮ ವೃದ್ಧಾಶ್ರಮದಲ್ಲಿ ಮುದುಕರಿಗೆ ಊಟ ತಿನ್ನಿಸುವ ಆಯಾ ಒಬ್ಬಳಿದ್ದಳು, ಅವಳನ್ನು ನಾವೆಲ್ಲರೂ ರೂಲ್ಸಕ್ಕ ಎಂದೇ ಕರೆಯುತ್ತಿದ್ದೆವು. ನಾನು ಅಡುಗೆಮನೆಯವಳು, ನುಂಗಲು ಕಷ್ಟಪಡುವವರಿಗೆ ಊಟವನ್ನು ನುಣ್ಣಗೆ ಅರೆದು ಕಳಿಸುವುದು ನನ್ನ ಕೆಲಸ. ಅದರಲ್ಲಿ ಒಂದು ಗಂಟು ಸಿಕ್ಕರೂ ತಟ್ಟೆ ವಾಪಸು ತಂದು ನನ್ನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ತಲೆ ತಿನ್ನುತ್ತಾಳೆ ಎಂದು ಬೈದುಕೊಳ್ಳುತ್ತಿದ್ದೆ. ಆದರೆ ಅವಳಂತೆ ತಿನ್ನಿಸುವವರು ಇನ್ನೊಬ್ಬರಿರಲಿಲ್ಲ. ಬೆನ್ನು ನೆಟ್ಟಗೆ ಕೂರಿಸಿ, ಗಲ್ಲ ತುಸು ತಗ್ಗಿಸಿ, ಅರ್ಧ ಚಮಚ ಇಟ್ಟು, ಗಂಟಲು ಆಡಿದ್ದನ್ನು ಕಣ್ಣಾರೆ ಕಂಡ ಮೇಲೇ ಇನ್ನೊಂದು ಚಮಚ.

ಒಮ್ಮೆ ಒಬ್ಬ ಮಗ ಪ್ರೀತಿಯಿಂದ ಅಪ್ಪನ ಬಾಯಿಗೆ ಬಾಳೆಹಣ್ಣು ತುರುಕಿ, ಮುದುಕ ಉಸಿರು ಕಟ್ಟಿ ನೀಲಿಯಾಗಿದ್ದ. ಆಗ ಹಟ ಹಿಡಿದು, ಮನೆಯವರು ಯಾರೂ ತಿನ್ನಿಸಕೂಡದೆಂದು ನಿಯಮ ಮಾಡಿಸಿದವಳು ಇವಳೇ. ಸಿಬ್ಬಂದಿ ಸ್ವಂತದವರ ಆರೈಕೆ ಮಾಡಬಾರದೆಂಬ ನಿಯಮ ಮೊದಲೇ ಇತ್ತು.

ಮರೆವು ಹತ್ತಿದ ಅವಳ ತಾಯಿಯೂ ಕೊನೆಗೆ ನಮ್ಮಲ್ಲಿಗೇ ಬಂದಳು. ಮೇಲಿನ ಮಹಡಿಯಲ್ಲಿ ಹಾಸಿಗೆ. ಮನೆಯಲ್ಲಿ ಮಗಳ ಕೈಯಲ್ಲಷ್ಟೇ ಉಣ್ಣುತ್ತಿದ್ದ ಮುದುಕಿ, ಬೇರೆಯವರ ಚಮಚ ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ನಾನು ಅರೆದದ್ದು ಹಾಗೆಯೇ ಕೆಳಗಿಳಿದು ಬರುತ್ತಿತ್ತು.

ರೂಲ್ಸಕ್ಕ ಮೇಲ್ವಿಚಾರಕಿಯ ಮುಂದೆ ಹೋಗಿ ನಿಂತಳು.

“ಮೇಡಂ, ಒಂದ್ಹೊತ್ತು ನಾನು ತಿನ್ನಿಸ್ಲಾ?”

“ಸ್ವಂತ ತಾಯಿಗೆ ಆಗಲ್ಲಮ್ಮ.”

“ಯೂನಿಫಾರ್ಮ್ ಬಿಚ್ಚಿಟ್ಟು ಮಗಳಾಗಿ ಬರ್ತೀನಿ.”

“ಮನೆಯವ್ರು ತಿನ್ನಿಸ್ಬಾರ್ದು ಅಂತ ಜಗಳ ಆಡಿದ್ದೇ ನೀನಲ್ವಾ?”

ಹೊರಗೆ ಬಂದವಳಿಗೆ ನಾನು ಪಿಸುಗುಟ್ಟಿದೆ, “ಕದ್ದು ತಿನ್ನಿಸೇ, ಬಾಗಿಲಲ್ಲಿ ನಾನು ನಿಂತಿರ್ತೀನಿ.”

“ನಾನೇ ತಪ್ಪಿದ್ರೆ ನಾಳೆ ಇನ್ಯಾರೋ ಬಾಳೆಹಣ್ಣು ತರ್ತಾರೆ ಕಣೇ.”

ಅವಳ ಕಪಾಳಕ್ಕೆ ಎರಡು ಬಾರಿಸಬೇಕೆನಿಸಿತು. ಊಟದ ಹೊತ್ತಿಗೆ ಅವಳಿಗೆ ಕೆಳಗಿನ ಕೋಣೆಗಳ ಪಾಳಿ. ಅಲ್ಲಿ ಬೇರೆಯವರ ತಾಯಂದಿರಿಗೆ ತಿನ್ನಿಸಿ ಬಾಯಿ ಒರೆಸುತ್ತಿದ್ದಳು.

ಮುದುಕಿ ಸೊರಗಿ ಕಡ್ಡಿಯಾದಳು. ನುಂಗುವ ಶಕ್ತಿಯೂ ಹೋಯಿತು. ಡಾಕ್ಟರು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ, ಬಾಯಿಗೆ ಒಂದು ಹನಿಯನ್ನೂ ಹಾಕಕೂಡದು ಎಂದರು. ನರ್ಸಮ್ಮ ಒಳ್ಳೆಯ ಸುದ್ದಿ ಹೇಳುವವಳಂತೆ ರೂಲ್ಸಕ್ಕನ ಬಳಿ ಓಡಿಬಂದಳು.

“ಇನ್ಮೇಲೆ ನೀನೇ ಹಾಕ್ಬಹುದು ಕಣೇ! ನಳಿಕೆಗಾದ್ರೆ ಮನೆಯವ್ರು ಹಾಕ್ಬಹುದು. ನುಂಗೋ ಪ್ರಶ್ನೆನೇ ಇಲ್ವಲ್ಲ.”

ರೂಲ್ಸಕ್ಕ ಯೂನಿಫಾರ್ಮ್ ಬಿಚ್ಚಿಟ್ಟು ಮನೆಯ ಸೀರೆ ಉಟ್ಟು, ನಾನು ಸೋಸಿ ಕೊಟ್ಟದ್ದನ್ನು ಹಿಡಿದು ಮೇಲೆ ಹೋದಳು. ನಾನೂ ಹಿಂದೆ ಹೋದೆ. ಅವಳು ತಲೆಯ ಕಡೆ ಹಾಸಿಗೆ ಎತ್ತರಿಸಿದಳು, ನಳಿಕೆ ಸರಿಯಾಗಿದೆಯೇ ಎಂದು ನೋಡಿದಳು, ನಿಧಾನವಾಗಿ ಸುರಿಯತೊಡಗಿದಳು.

ಮಗಳ ಮುಖ ಕಂಡದ್ದೇ, ತಾಯಿ ಬಾಯಿ ತೆರೆದಳು. ಪೂರ್ತಿ ಸುರಿದು ಮುಗಿಯುವವರೆಗೂ ತೆರೆದುಕೊಂಡೇ ಇದ್ದಳು.