ಅಂಗೈಯಿಂದ ಕೇಳುತ್ತಿದ್ದ ಲಿಂಗಣ್ಣ

ನನ್ನ ಮಂಗತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮುಚ್ಚಿಟ್ಟರೂ ಗೋವಾದ ವಾಸ್ಕೋದಲ್ಲಿ ಯಾರನ್ನು ಕೇಳಿದರೂ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಒಂದು ಕಂಪ್ಯೂಟರ್ ಗೇಮಿನಲ್ಲಿ ಹಡಗಿನ ಕ್ಯಾಪ್ಟನ್ ಒಬ್ಬ ಇದ್ದ. ಅವನ ಬಾಯಿಗೆ ನಾನು ಕಿವಿ ಕೇಳದ ಒಬ್ಬ ಮನುಷ್ಯನ ದನಿ ತುಂಬಿದೆ. ಗೇಮು ಕೆಟ್ಟಿತು. ಅದನ್ನು ನೆಟ್ಟಗೆ ಮಾಡಲು ಬಂದವರು ಅದೇ ಮನುಷ್ಯ, ಲಿಂಗಣ್ಣ.

ಲಿಂಗಣ್ಣ ಅಂಗೈಯಿಂದ ಕೇಳುತ್ತಿದ್ದರು. ಟೀವಿ, ಟೇಪ್ ರೆಕಾರ್ಡರ್, ಏನೇ ರಿಪೇರಿಗೆ ಬರಲಿ, ಸ್ಪೀಕರಿನ ಮೇಲೆ ಎಡಗೈ ಊರಿ, ಬೆಕ್ಕಿನ ಬೆನ್ನು ಸವರುವವರ ಹಾಗೆ ಒಂದು ಗಳಿಗೆ ಸುಮ್ಮನೆ ನಿಲ್ಲುವರು. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಸ್ಪೀಕರಿನ ಮೇಲೊಂದು ಕಾಗದ ಹಾಸಿ ನಾಲ್ಕು ಕಾಳು ರವೆ ಉದುರಿಸುತ್ತಿದ್ದರು. ರವೆ ಕುಣಿದ ರೀತಿ ನೋಡಿ ದನಿ ಒಡೆದಿದೆಯೋ ಇಲ್ಲವೋ ಹೇಳುವರು. ಅವರ ಮನೆಯಲ್ಲಿ ಉಪ್ಪಿಟ್ಟು ಕಮ್ಮಿ, ಅಂಗಡಿಯಲ್ಲೇ ರವೆ ಜಾಸ್ತಿ ಅಂತ ನಾನು ಚಾಷ್ಟಿ ಮಾಡುತ್ತಿದ್ದೆ. ಅವರ ಬೆನ್ನ ಹಿಂದೆ ನಿಂತು ಮಾಡುತ್ತಿದ್ದೆ ಅನ್ನಿ. ಅಷ್ಟು ಶೂರ ನಾನು.

ಗದಗಿನ ಕಡೆಯಿಂದ ಬಂದವರು ಅವರು. ಮುರ್ಮುಗಾಂವ್ ಬಂದರಿನಲ್ಲಿ ಹದಿನೈದು ವರ್ಷ ಸಿಗ್ನಲ್ ಕೊಡುವ ಕೆಲಸ. ಹಡಗಿನ ಹೊಟ್ಟೆ ಕ್ರೇನಿನವನಿಗೆ ಕಾಣುವುದಿಲ್ಲ. ಹಾಗಾಗಿ ಹಡಗಿನ ಅಂಚಿನಲ್ಲಿ ನಿಂತು ಕೈ ತೋರಿಸುವುದು: ಏರಿಸು, ಇಳಿಸು, ನಿಲ್ಲಿಸು. ಅದಿರು ಸುರಿಯುವ ಸದ್ದಿಗೆ ಕಿವಿ ವರ್ಷ ವರ್ಷಕ್ಕೆ ಒಂದಿಷ್ಟು ಸವೆಯುತ್ತ ಬಂತು. ಪೂರ್ತಿ ಹೋಗುವ ಮೊದಲೇ ಅವರು ಕೆಲಸ ಬಿಟ್ಟು ಸ್ಟೇಷನ್ನಿನ ಹಿಂದೆ ಒಂದು ಗೂಡಿನಂಥ ರಿಪೇರಿ ಅಂಗಡಿ ಹಾಕಿದರು. ಗಿರಾಕಿಗಳ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಹೀಗಾಗಿ ಊರಿನ ದೊಡ್ಡ ಮೀಸೆಗಳಿಗೂ ಅವರಿಗೂ ಸದಾ ಜಗಳ. ಒಬ್ಬ ಲಾರಿ ಡ್ರೈವರನಿಗೆ, ಅಂಗಡಿ ತುಂಬ ಜನ ಇರುವಾಗಲೇ, “ಮೊದಲ ಮೀಸಿ ಕತ್ತರಿಸ್ಕೊಂಡು ಬರ್ರಿ, ಆಮ್ಯಾಲೆ ಟೀವಿಗೆ ಏನಾಗೇತಿ ಹೇಳ್ರಿ” ಅಂದಿದ್ದರು. ತಮ್ಮ ದನಿ ಎಷ್ಟು ದೊಡ್ಡದು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಗುಟ್ಟು ಹೇಳಿದರೂ ಎದುರಿನ ಬಸ್ ಸ್ಟಾಪಿನವರು ತಿರುಗಿ ನೋಡುತ್ತಿದ್ದರು. ಮಾತಿನ ಕೊನೆಗೊಂದು ಎಳೆದ “ಏನಂದ್ರಿಇಇ?” ಬೇರೆ.

ಆ “ಏನಂದ್ರಿಇಇ” ನನ್ನ ಗಂಟಲಿಗೆ ಹೇಳಿ ಮಾಡಿಸಿದ ಹಾಗಿತ್ತು. ನನಗಾಗ ಇಪ್ಪತ್ತು. ಬಸ್ ಕಂಡಕ್ಟರ್, ಮೀನಿನವಳು, ನಮ್ಮಪ್ಪನ ಗೊರಕೆ, ಹುಡುಗಿಯರ ಮುಂದೆ ಮಾತು ತಡವರಿಸುವ ನಾನು, ಎಲ್ಲರನ್ನೂ ಅನುಕರಿಸಿ ತೋರಿಸುತ್ತಿದ್ದೆ. ಇದು ಬಿಟ್ಟರೆ ನನಗೆ ಬರುತ್ತಿದ್ದ ಕೆಲಸ ಇನ್ನೊಂದೇ. ಫಿಲೋಮಿನಾ ಬಾಯಿಯ ಗೇಮ್ ಪಾರ್ಲರಿನಲ್ಲಿ ಕೌಂಟರಿನ ಹಿಂದೆ ಕೂತು, ಯಾರ ತಾಸು ಮುಗಿಯಿತು, ಯಾರು ಏಳಬೇಕು ಅಂತ ಕೂಗುವುದು.

ಬಾಯಿ ವಿಧವೆ, ವಾಸ್ಕೋದವಳೇ. ಗಂಡ ಹಡಗಿನಲ್ಲಿದ್ದವನು. ಮಾತು ಕೊಂಕಣಿ, ನಮ್ಮಂಥವರ ಜೊತೆ ಹಿಂದಿಗೆ ಕನ್ನಡದ ತುಂಡು ಸೇರಿಸಿ ಆಡುವಳು. ಅವಳ ಪಾರ್ಲರಿನಲ್ಲಿ ಹಳೆಯ ಮಶೀನುಗಳ ನಡುವೆ ಒಂದೇ ಒಂದು ಒಳ್ಳೆಯ ಕಂಪ್ಯೂಟರ್, ಅದರಲ್ಲೊಂದು ಸಮುದ್ರ ಯುದ್ಧದ ಗೇಮು. ಯಾವುದೋ ಹಡಗಿನ ಇಂಜಿನಿಯರ್ ಸೀಡಿ ತಂದು ಹಾಕಿಕೊಟ್ಟು, ಸೀಡಿ ಜೇಬಿಗಿಳಿಸಿ ಹಡಗು ಹತ್ತಿ ಹೋಗಿದ್ದ. ನಡುನಡುವೆ ಸಿನಿಮಾದ ಹಾಗೆ ಕ್ಯಾಪ್ಟನ್ ಬಂದು ಇಂಗ್ಲಿಷಿನಲ್ಲಿ ಆಜ್ಞೆ ಕೊಡುತ್ತಿದ್ದ. ಅದನ್ನು ನೋಡಲೆಂದೇ ಬಂದರಿನ ಹುಡುಗರು ಸಾಲು ನಿಲ್ಲುತ್ತಿದ್ದರು. ಇಡೀ ಪಾರ್ಲರ್ ಆ ಒಂದು ಗೇಮಿನ ಮೇಲೆ ನಡೆಯುತ್ತಿತ್ತು.

ಭಾನುವಾರ ಬಾಯಿ ಪ್ರಾರ್ಥನೆಗೆ ಇಗರ್ಜಿಗೆ ಹೋದಾಗ ಬೀಗದ ಕೈ ನನ್ನ ಹತ್ತಿರ. ಅಂಥ ಒಂದು ಭಾನುವಾರ ಗೇಮಿನ ಫೋಲ್ಡರ್ ತೆರೆದು ಇಣುಕಿದೆ. ಚಿತ್ರ ಒಂದು ಕಡೆ, ದನಿ ಒಂದು ಕಡೆ. ಒಂದೊಂದು ಮಾತಿಗೆ ಒಂದೊಂದು ಫೈಲು, ಪಾಪ, ನಂಬರು ಹಾಕಿ ಜೋಡಿಸಿ ಇಟ್ಟಿದ್ದರು. ನನ್ನೊಳಗಿನ ಮಂಗ ಎದ್ದು ಕೂತಿತು. ಮೈಕು ಹಿಡಿದು ಏಳು ಫೈಲಿನಲ್ಲಿ ಲಿಂಗಣ್ಣನ ದನಿ ತುಂಬಿದೆ. ಶತ್ರುವಿನ ಹಡಗು ಕಂಡಾಗ ಕ್ಯಾಪ್ಟನ್ ಗಂಭೀರವಾಗಿ ದುರ್ಬೀನು ಇಳಿಸಿ, “ಆ ಹಡಗ ಏನ ಅನ್ನಾಕತ್ತೇತಿ? ತುಟಿ ಕಾಣವಲ್ಲದು, ಮೀಸಿ ಕತ್ತರಿಸ್ಕೊಂಡು ಬಾ ಅನ್ರಿ. ಏನಂದ್ರಿಇಇ?” ಅನ್ನಬೇಕು. ಹಳೆಯ ಫೈಲುಗಳನ್ನು ಒಂದು ಕಡೆ ಎತ್ತಿಡಬೇಕು ಅನ್ನುವ ಬುದ್ಧಿ? ಅದಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸೋಮವಾರ ಪಾರ್ಲರಿನಲ್ಲಿ ನಗೆಯೋ ನಗೆ. ಬಂದರಿನ ಹುಡುಗರು ಬೆಂಚಿನಿಂದ ಕೆಳಗೆ ಬಿದ್ದರು. ಅರ್ಧ ತಾಸು ನಾನು ರಾಜ. ಆಮೇಲೆ ಗೊತ್ತಾಯಿತು: ಕ್ಯಾಪ್ಟನ್ನನ ಒಂದು ಮಾತು ಮುಗಿದ ಮೇಲಷ್ಟೇ ಇನ್ನೊಂದು ಶುರುವಾಗುತ್ತದೆ, ಆದರೆ ಚಿತ್ರ ಯಾರಿಗೂ ಕಾಯುವುದಿಲ್ಲ. ನನ್ನ ಉದ್ದುದ್ದ ಮಾತಿನಿಂದಾಗಿ ಮುಂದಿನದೆಲ್ಲ ಹಿಂದೆ ಬಿತ್ತು. ಕ್ಯಾಪ್ಟನ್ ಬಾಯಿ ಮುಚ್ಚಿದ ಮೇಲೆ ಮಾತು, ತೋಪು ಹಾರಿ ಹಡಗು ಮುಳುಗಿದ ಮೇಲೆ ಢಮ್ ಅನ್ನುವ ಸದ್ದು. ಮಂಗಳವಾರದ ಹೊತ್ತಿಗೆ ನಗೆ ಹಳಸಿತು. ಆಡಲು ಕೂತವರು ಬೈಯುತ್ತ ಎದ್ದು ಹೋದರು.

ಬಾಯಿಗೆ ಸಿಟ್ಟು ಬಂತು. ಆದರೆ ಅವಳ ಸಿಟ್ಟು ನಾನು ಅಂದುಕೊಂಡ ಕಡೆ ತಿರುಗಲಿಲ್ಲ. ಹೊಸದಾಗಿ ಮೂರು ಕಂಪ್ಯೂಟರ್ ತರಿಸುವವಳಿದ್ದಳು. ಅವುಗಳನ್ನು ನೋಡಿಕೊಳ್ಳುವ ಕೆಲಸವನ್ನು ಲಿಂಗಣ್ಣನಿಗೇ ಕೊಡುತ್ತೇನೆ ಅಂದಿದ್ದಳು. ಲಿಂಗಣ್ಣ ಅದನ್ನೇ ನೆಚ್ಚಿಕೊಂಡಿದ್ದರು, ಯಾಕೆಂದರೆ ಟೇಪ್ ರೆಕಾರ್ಡರ್ ತರುವವರು ತಿಂಗಳಿಂದ ತಿಂಗಳಿಗೆ ಕಮ್ಮಿಯಾಗುತ್ತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ ಅಂತಷ್ಟೇ ಬಾಯಿ ತಿಳಿದಿದ್ದಳು. ನನ್ನ ಕ್ಯಾಪ್ಟನ್ನನ ಮಾತಿಗೆ ಎಲ್ಲರೂ ಯಾಕೆ ನಗುತ್ತಾರೆ ಅಂತ ವಿಚಾರಿಸಿದಾಗ, ಹುಡುಗರು ವಿವರಿಸಿ ಹೇಳಿದರು: ಅದು ಲಿಂಗಣ್ಣನ ದನಿ. ಪೂರಾ ಕಿವುಡ, ಬಾಯಿ. ಏನೂ ಕೇಳುವುದಿಲ್ಲ.

ಬಾಯಿ ನನ್ನನ್ನು ಕೌಂಟರಿನ ಹತ್ತಿರ ಕರೆದು, “ಕಾನ್ ಇಲ್ಲದವನಿಗೆ ಆವಾಜಿನ ಕಾಮ್ ಹೆಂಗ ಕೊಡೂದು?” ಅಂತ ಕೇಳಿದಳು. ಮಡಗಾಂವಿನಲ್ಲಿ ಕಲಿತ ಹುಡುಗನೊಬ್ಬ ಇದ್ದಾನೆ, ಅವನನ್ನೇ ಕರೆಸುತ್ತೇನೆ ಅಂದಳು. ನಾನು ಮಾಡಿದ್ದು ಏನು ಅನ್ನುವುದು ನನಗೆ ಹೊಳೆದದ್ದು ಆಗ. ಜೀವನದಲ್ಲಿ ಮೊದಲ ಸಲ ಯಾರ ದನಿಯೂ ಅಲ್ಲದ ನನ್ನದೇ ದನಿಯಲ್ಲಿ ಗೋಗರೆದೆ. ಶನಿವಾರದ ತನಕ ಸಮಯ ಕೊಡಿ, ಲಿಂಗಣ್ಣನೇ ಇದನ್ನು ಸರಿ ಮಾಡದಿದ್ದರೆ ಮಡಗಾಂವಿನವನೂ ಬರಲಿ, ನಾನೂ ಹೋಗುತ್ತೇನೆ ಅಂದೆ. ನಾನು ಹೋಗುವ ಮಾತು ಬಾಯಿಗೆ ಹಿಡಿಸಿತು. ಒಪ್ಪಿದಳು.

ಬುಧವಾರ ಲಿಂಗಣ್ಣ ಬಂದರು, ಜೇಬಿನಲ್ಲಿ ರವೆಯ ಪೊಟ್ಟಣದೊಂದಿಗೆ. ಏಳು ಫೈಲು ನಾನೇ ಕೆಡಿಸಿದ್ದು ಅಂತ ಅಷ್ಟು ಮಾತ್ರ ಹೇಳಿದೆ. ಯಾರ ದನಿ ತುಂಬಿದ್ದಿ ಅಂತ ಕೇಳಿದರು. ಯಾರೋ ಒಬ್ಬ ಮುದುಕನದು ಅಂದೆ. ಅವರು ನನ್ನ ತುಟಿಯನ್ನು ಎರಡು ಗಳಿಗೆ ಹೆಚ್ಚಿಗೆ ನೋಡಿದರು. ಆಮೇಲೆ ಸ್ಪೀಕರಿನ ಮೇಲೆ ಅಂಗೈ ಇಟ್ಟು, ಕ್ಯಾಪ್ಟನ್ನನನ್ನು ಮಾತಾಡಿಸು ಅಂದರು. ಅವರದೇ ದನಿ ಅವರ ಕೈಯೊಳಗೆ ಹೋಯಿತು. ಹಿಂದೆ ನಿಂತ ಹುಡುಗರು ನಗು ತಡೆಯಲು ತಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಲಿಂಗಣ್ಣ ತಿರುಗಿ ಅವರನ್ನು ನೋಡಿ ತಾವೂ ಸ್ವಲ್ಪ ನಕ್ಕರು. ಯಾತಕ್ಕೆ ನಗೆ ಅಂತ ತಿಳಿಯದೆ ನಗುವವರ ನಗೆ ಅದು ಅಂದುಕೊಂಡೆ.

ಸ್ಪೀಕರಿನಿಂದ ಕೈ ತೆಗೆದು ಅವರು ಬಂದರಿನ ಮಾತು ಎತ್ತಿದರು. ದೂರದ ಹಡಗಿನಲ್ಲಿ ಅದಿರಿನ ಬಕೆಟ್ ಬಿದ್ದದ್ದು ಮೊದಲು ಕಾಣುತ್ತದೆ, ಧಡ್ ಅನ್ನುವುದು ಆಮೇಲೆ ಬರುತ್ತದೆ. ಹದಿನೈದು ವರ್ಷ ಅಂಚಿನಲ್ಲಿ ನಿಂತು ನೋಡಿ ನೋಡಿ ಆ ನಡುವಿನ ಹೊತ್ತನ್ನು ಅಳೆಯಲು ಕಲಿತೆ ಅಂದರು. “ಕಣ್ಣು ಓಡಿಕೋತ ಬರತೈತಿ, ದನಿ ನಡಕೋತ ಬರತೈತಿ. ಇಬ್ಬರನ್ನೂ ಒಂದ ಬಾಗಲದಾಗ ಒಳಗ ಕರಕೊಂಬರೂದು ಅಷ್ಟ ನಮ್ಮ ಕೆಲಸ.”

ಹಳೆಯ ದನಿ ಎಲ್ಲಿಂದ ತರುವುದು? ಸೀಡಿ ಸಮುದ್ರದಾಚೆ. ಲಿಂಗಣ್ಣ ನನ್ನ ಕಡೆ ಬೆರಳು ತೋರಿಸಿದರು. ಆ ಕ್ಯಾಪ್ಟನ್ನನ ಮಾತನ್ನು ನೀನು ತಿಂಗಳುಗಟ್ಟಲೆ ಕೇಳಿದ್ದೀ, ಬಾಯಲ್ಲಿ ಇದೆಯೋ ಇಲ್ಲವೋ ಅಂದರು. ಇತ್ತು. ಅರ್ಥ ಒಂದು ಕಾಸಿನಷ್ಟೂ ಗೊತ್ತಿರಲಿಲ್ಲ, ಆದರೆ ಏಳೂ ಮಾತಿನ ಏರಿಳಿತ, ಕೆಮ್ಮು, ಮೂಗು, ಎಲ್ಲಾ ಇತ್ತು.

ಎರಡು ದಿನ, ಬೆಳಗಿನಿಂದ ಮಧ್ಯಾಹ್ನದವರೆಗೆ, ನಾವಿಬ್ಬರೂ ಅದೇ ಕೆಲಸ. ನಾನು ಮೈಕಿನ ಮುಂದೆ. ಅವರು ಪರದೆಯ ಪಕ್ಕದಲ್ಲಿ, ಕಣ್ಣು ಕ್ಯಾಪ್ಟನ್ನನ ತುಟಿಯ ಮೇಲೆ, ಬಲಗೈ ಗಾಳಿಯಲ್ಲಿ. ತುಟಿ ಬಿಚ್ಚುವ ಮೊದಲೇ ಕೈ ಏಳುತ್ತಿತ್ತು, ಏರಿಸು. ತುಟಿ ಹತ್ತಿರ ಬಂದಂತೆ ಅಂಗೈ ಕೆಳಗಾಗುತ್ತಿತ್ತು, ಇಳಿಸು. ಮುಷ್ಟಿ ಬಿಗಿದರೆ ನಿಲ್ಲಿಸು. ನನ್ನ ನಾಲಿಗೆಯನ್ನು ಕ್ರೇನಿನ ಹಾಗೆ ನಡೆಸಿದರು. ಊರೆಲ್ಲ ಕುಣಿಸುತ್ತಿದ್ದ ನಾಲಿಗೆ ಒಬ್ಬರ ಕೈಯ ಕೆಳಗೆ ಕೂತದ್ದು ಅದೇ ಮೊದಲು. ನಾನು ಹುರುಪಿಗೆ ಬಿದ್ದು ಒಂದು ಪದ ಎಳೆದರೆ ಸಾಕು, ಸ್ಪೀಕರಿನ ಮೇಲಿನ ಕೈಗೆ ಗೊತ್ತಾಗುತ್ತಿತ್ತು. “ತುಟಿ ಮುಚ್ಚಿದ ಮ್ಯಾಲೆ ಏನ ಮಾತು, ಬಸು? ಹಡಗ ಹೋದ ಮ್ಯಾಲೆ ಸಾಮಾನ ಇಳಿಸಿದಂಗ ಅದು” ಅನ್ನುವರು. ಮತ್ತೆ ಮೊದಲಿನಿಂದ. ಒಂದೇ ಮಾತನ್ನು ಮೂವತ್ತು ಸಲ ಹೇಳಿಸಿದ್ದುಂಟು. ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಶನಿವಾರ ಬಾಯಿ ಕುರ್ಚಿ ಹಾಕಿಸಿಕೊಂಡು ಪರದೆಯ ಮುಂದೆ ಕೂತಳು. ಹಿಂದೆ ಹುಡುಗರ ಗುಂಪು. ಕ್ಯಾಪ್ಟನ್ ಬಂದ, ಬಾಯಿ ಬಿಟ್ಟ, ಮಾತು ಅವನ ಬಾಯಿಂದಲೇ ಬಂತು. ಏಳೂ ಮುಗಿದವು, ತೋಪು ಹಾರಿತು, ಹಾರಿದ ಗಳಿಗೆಗೇ ಢಮ್ ಅಂದಿತು. ಗುಂಪು ಚಪ್ಪಾಳೆ ತಟ್ಟಿತು. ಬಾಯಿ ಎದ್ದು ನಿಂತು ಸರಿಹೋಯಿತು ಅಂದಳು. ಕಿವಿ ಇದ್ದವರೆಲ್ಲ ಒಪ್ಪಿದ್ದರು.

ಲಿಂಗಣ್ಣ ಮಾತ್ರ ಸ್ಪೀಕರಿನಿಂದ ಕೈ ತೆಗೆಯಲಿಲ್ಲ. ಇಡೀ ಪಾರ್ಲರಿಗೆ ಕೇಳುವ ದನಿಯಲ್ಲಿ, “ಆರನೇದು ಅರ್ಧ ರೆಪ್ಪಿ ಹೊಡಿಯೂವಷ್ಟು ಹಿಂದ ಐತಿ, ಬಾಯಿ. ಇನ್ನೊಮ್ಮಿ ನೋಡ್ರಿ” ಅಂದರು. ಯಾರಿಗೂ ಗೊತ್ತಾಗಿರಲಿಲ್ಲ. ಮೈಕಿನ ಮುಂದೆ ಆ ಮಾತು ಹೇಳಿದ ನನಗೂ. ಬಾಯಿ ಮತ್ತೆ ಕೂತು ಆರನೆಯದನ್ನು ನೋಡಿದಳು. ಎರಡನೆಯ ಸಲ ನೋಡಿದಳು. ಮೂರನೆಯ ಸಲ ಅವಳ ಹುಬ್ಬು ಮೇಲೇರಿತು. ಹೌದು, ಕೂದಲೆಳೆಯಷ್ಟು ಹಿಂದೆ. ಸೊಂಟದ ಗೊಂಚಲಿನಿಂದ ಪಾರ್ಲರಿನ ಎರಡನೇ ಬೀಗದ ಕೈ ಬಿಡಿಸಿ ಲಿಂಗಣ್ಣನ ಮುಂದೆ ಇಟ್ಟಳು. ಮಡಗಾಂವಿನ ಹುಡುಗನ ಹೆಸರು ಮತ್ತೆ ಆ ಬಾಗಿಲೊಳಗೆ ಬರಲಿಲ್ಲ.

ಅಲ್ಲಿಂದ ಎರಡು ವರ್ಷ ಲಿಂಗಣ್ಣ ಆ ಮಶೀನುಗಳನ್ನು ನೋಡಿಕೊಂಡರು, ನನ್ನನ್ನೂ. ಸೌಂಡ್ ಕಾರ್ಡು ಬಿಚ್ಚುವುದು, ಚಿತ್ರ ತಡವರಿಸಿದರೆ ಯಾವ ಪ್ರೋಗ್ರಾಮು ಮುಚ್ಚಬೇಕು ನೋಡುವುದು, ಎಲ್ಲ ಕಲಿಸಿದರು. ಇವತ್ತು ನಾನು ಪಣಜಿಯ ಒಂದು ಸ್ಟುಡಿಯೋದಲ್ಲಿ ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ಗಾಜಿನಾಚೆ ಕೂತವರು ಒಂದೇ ಸಲಕ್ಕೆ ತುಟಿಗೆ ಕೂಡುತ್ತದಲ್ಲ ಅಂತ ಬೆರಗಾಗುತ್ತಾರೆ. ಅವರಿಗೆ ಕಾಣದ ಒಂದು ಕೈ ನನ್ನ ಕಣ್ಣ ಮುಂದೆ ಏಳುತ್ತದೆ, ಇಳಿಯುತ್ತದೆ.

ಆ ಎರಡು ವರ್ಷ ಕಳೆದ ಮೇಲೆ ಲಿಂಗಣ್ಣನ ಅಳಿಯ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆಗೆದು, ನೀವೇ ಬಂದು ನಿಲ್ಲಬೇಕು ಅಂತ ಕರೆದ. ಲಿಂಗಣ್ಣ ಹೊರಟರು. ಸಾಮಾನು ಹೊರಲು ಬಸ್ಸಿನವರೆಗೆ ಹೋದವನು ನಾನೂ ಹತ್ತಿ ಕೂತೆ. ಮಡಗಾಂವ್ ಬರುವುದರೊಳಗೆ ಹೇಳಿಬಿಡಬೇಕು ಅಂದುಕೊಂಡೆ. ಫೋಂಡಾ ಕೂಡ ದಾಟಿತು. ಲೋಕದ ದನಿಯೆಲ್ಲ ಬರುವವನಿಗೆ ಬೇಕಾದ ಒಂದು ದನಿ ಬರಲಿಲ್ಲ. ಮೊಲೆಂನಲ್ಲಿ ಬಸ್ಸು ಚಹಕ್ಕೆ ನಿಂತಿತು. ಅಲ್ಲಿಂದ ಮುಂದೆ ಘಟ್ಟ, ಗಡಿ. ನಾನು ಇಳಿದು ಹಿಂದಿರುಗಲೇಬೇಕು. ಚಹದಂಗಡಿಯ ಬೆಂಚಿನ ಮೇಲೆ ಕೂತೆವು, ಸುತ್ತಲೂ ಜನ. ನನಗೆ ನಾಚಿಕೆ. ಅವರು ತುಟಿ ಓದುತ್ತಾರಲ್ಲ, ಸದ್ದು ಯಾಕೆ ಅಂತ, ಬರೀ ತುಟಿ ಅಲ್ಲಾಡಿಸಿದೆ: ಅಣ್ಣಾ, ಆ ಮುದುಕನ ದನಿ ನಿಮ್ಮದೇ ಆಗಿತ್ತು. ತಪ್ಪಾತು.

ಲಿಂಗಣ್ಣ ಚಹದ ಗ್ಲಾಸು ಕೆಳಗಿಟ್ಟರು. ನನ್ನನ್ನೇ ನೋಡಿದರು. ಆಮೇಲೆ ಬಸ್ಸಿನಲ್ಲಿ ಕೂತವರೂ ಕಿಟಕಿಯಿಂದ ಇಣುಕುವ ಹಾಗೆ, ಅದೇ ದನಿಯಲ್ಲಿ ಅಂದರು:

“ಬಾಯಿ ಬಿಟ್ಟು ಜೋರಲೆ ಹೇಳು, ಬಸು. ನನಗ ಅದು ಅವತ್ತ ಅಂಗೈಯಾಗ ತಿಳದೈತಿ. ಈಗ ಅದು ಕೇಳಿಸಬೇಕಾಗಿರೂದು ನಿನ್ನ ಕಿವಿಗೆ.”