ಸಣ್ಣಕ್ಕಿ

ಮಳವಳ್ಳಿಯಿಂದ ಬೆಳಕವಾಡಿ ಕಡೆಗೆ ಹೋಗುವ ಬಸ್ಸಿನ ಕಂಡಕ್ಟರುಗಳು ಮರಿತಾಯಮ್ಮನ ಶೆಡ್ಡಿನ ಮುಂದೆ ಯಾರನ್ನಾದರೂ ಇಳಿಸುವಾಗ, "ನೋಡ್ಕಂಡು ಮಾತಾಡಿ ಕಣಣ್ಣೋ" ಎಂದು ನಗುತ್ತಾ ಸೀಟಿ ಊದುತ್ತಾರೆ. ಕಂಚಿನ ದೇವರು ಮಾಡಿಸಲು ಬಂದವರು ಅವಳಿಂದ ಬೈಸಿಕೊಳ್ಳದೆ ವಾಪಸ್ಸು ಹೋದದ್ದು ಕಡಿಮೆ. ಬಲಕ್ಕೆ ಸೊಂಡಿಲು ತಿರುಗಿದ ಗಣಪತಿ ಬೇಕು ಎಂದ ಮೇಷ್ಟರೊಬ್ಬರಿಗೆ ಅವಳು, "ನಿಮ್ಮನೇಲಿ ದಿನಾ ಮಡಿಯಾಗಿ ಪೂಜೆ ಮಾಡೋರು ಯಾರಿದ್ದಾರೆ? ಎಡದ ಸೊಂಡಿಲಿನೋನ್ನ ತಗೊಂಡು ಹೋಗಿ. ನಿಮ್ಮಂಥೋರನ್ನ ಅವನು ಸಹಿಸ್ಕೋತಾನೆ" ಎಂದಿದ್ದಳು. ನಟರಾಜನ ಕಾಲ ಕೆಳಗಿನ ಕುಳ್ಳನನ್ನು ತೆಗೆದು ಬರೀ ಪೀಠ ಇಟ್ಟರೆ ನೋಡಲು ಚೆಂದ ಎಂದ ಮದ್ದೂರಿನ ಹೋಟೆಲಿನವನನ್ನಂತೂ ರಸ್ತೆಯವರೆಗೆ ಅಟ್ಟಿಸಿಕೊಂಡು ಹೋಗಿದ್ದಳು. "ತುಳಿಸ್ಕೊಳ್ಳೋಕೆ ಅಜ್ಞಾನವೇ ಇಲ್ದಿದ್ರೆ ಅವನು ಯಾತಕ್ಕೆ ಕುಣೀಬೇಕು? ಆ ಜಾಗದಲ್ಲಿ ನೀನು ಮಲಕ್ಕೋತೀಯಾ?"

ಅವಳ ಈ ಬಾಯಿ ಅಪ್ಪನಿಂದ ಬಂದದ್ದು. ಅಪ್ಪ ನಂಜುಂಡಾಚಾರಿ ಸುತ್ತಲಿನ ಊರುಗಳಿಗೆ ಉತ್ಸವಮೂರ್ತಿಗಳನ್ನು ಎರಕ ಹೊಯ್ದು ಕೊಡುತ್ತಿದ್ದವನು. ಮಗಳು ಚಿಕ್ಕವಳಿದ್ದಾಗಲೇ ಅವಳ ಕೈಗೆ ಜೇನುಮೇಣ ಕೊಟ್ಟು ಬೆರಳು, ಕಿವಿ, ಕಾಲ್ಗೆಜ್ಜೆ ತಿದ್ದಿಸಿದ. ತೆಂಗಿನ ಗರಿಯ ಸೀಳನ್ನು ಮಡಚಿ ಮಡಚಿ ಮುಖದಷ್ಟು ಅಳತೆ ಎಷ್ಟು ಬಾರಿ ಬಂದರೆ ಮೈ ಸರಿಯಾಗುತ್ತದೆ ಎಂದು ತೋರಿಸಿಕೊಟ್ಟ. ಯಾವ ದೇವರ ಯಾವ ಕೈಯಲ್ಲಿ ಏನಿರಬೇಕು ಎನ್ನುವ ಶ್ಲೋಕಗಳನ್ನು ಬಾಯಿಪಾಠ ಮಾಡಿಸಿದ. ಬೀದಿಯ ಮಕ್ಕಳಂತೆ ಅವಳೂ 'ಹ' ನುಂಗಿ 'ಅಸ್ತ' ಎಂದರೆ ಮೇಣದ ಕಡ್ಡಿಯಿಂದ ಗೆಣ್ಣಿಗೆ ಬಾರಿಸುತ್ತಿದ್ದ. "ಹಸ್ತ ಅನ್ನು. ಹಸ್ತ ಅಂದ್ರೆ ಕೈ, ಅಸ್ತ ಅಂದ್ರೆ ಮುಳುಗೋದು. ದೇವರ ಕೈನೇ ಮುಳುಗಿಸ್ತೀಯಲ್ಲೇ!" ಅಂದಿನಿಂದ ಅವಳ ಬಾಯಲ್ಲಿ 'ಹ' ತಪ್ಪಿದ್ದಿಲ್ಲ. ಬೇರೆಯವರು ನುಂಗಿದ 'ಹ'ವನ್ನು ಕೂಡ ಅವಳ ಕಿವಿ ತಾನಾಗಿಯೇ ಹಾಕಿಕೊಂಡು ಕೇಳುತ್ತಿತ್ತು.

ಆದರೆ ಅಪ್ಪ ಮೇಣ ಕೊಟ್ಟನೇ ಹೊರತು ಬೆಂಕಿ ಕೊಡಲಿಲ್ಲ. ಮೇಣದ ಗೊಂಬೆಗೆ ಹುತ್ತದ ಮಣ್ಣು ಮೆತ್ತಿ, ಒಣಗಿಸಿ, ಕಾಸಿ ಮೇಣ ಇಳಿಸಿದ ಮೇಲೆ ಆ ಪೊಳ್ಳಿನೊಳಕ್ಕೆ ಕರಗಿದ ಕಂಚು ಸುರಿಯುವುದು ಗಂಡಸರ ಕೆಲಸ. ಅದಕ್ಕಿಂತ ದೊಡ್ಡದು ಕಣ್ಣು ತೆರೆಯುವುದು. ಅಷ್ಟು ದಿನ ಲೋಹದ ಮುದ್ದೆಯಾಗಿದ್ದದ್ದು ಕಣ್ಣಿನ ಗೆರೆ ಕೊರೆದ ಗಳಿಗೆಯಿಂದ ದೇವರು. ಆಮೇಲೆ ಅದಕ್ಕೆ ಉಳಿ ತಾಕಿಸುವ ಹಾಗಿಲ್ಲ, ಅರ ಹಾಕುವ ಹಾಗಿಲ್ಲ. ಚಿನ್ನದ ಮೊನೆಯ ಸೂಜಿಯಿಂದ ಮಾಡುವ ಆ ಕೆಲಸವನ್ನು ಅಪ್ಪ ಅವಳ ತಮ್ಮ ಚಲುವರಾಜುವಿಗೆ ಕಲಿಸಿದ. ಅಪ್ಪ ಸತ್ತ ಮೇಲೆ ಸೂಜಿಯೂ ತಮ್ಮನಿಗೇ ಹೋಯಿತು.

ಚಲುವರಾಜು ಮಂಡ್ಯದಲ್ಲಿ ಅಂಗಡಿ ಇಟ್ಟ. ಎಲ್ಲಿಂದಲೋ ಲಾರಿಯಲ್ಲಿ ಬರುವ, ಒಂದೇ ಮುಖದ ಲಕ್ಷ್ಮಿ ಸರಸ್ವತಿಯರನ್ನು ಸಾಲಾಗಿ ಜೋಡಿಸಿ 'ಕೈಕೆಲಸದ ವಿಗ್ರಹಗಳು' ಎಂದು ಬೋರ್ಡು ಹಾಕಿದ. ಮರಿತಾಯಮ್ಮನ ಗಂಡ ಬದುಕಿದ್ದಷ್ಟು ದಿನ ಅವಳ ಮೇಣಕ್ಕೆ ಎರಕ ಹೊಯ್ದ. ಅವನೂ ಹೋದ ಮೇಲೆ ನೆಂಟರಲ್ಲಿ ಯಾರೂ ಹೆಂಗಸಿನ ಜೊತೆ ಕಂಚು ಕರಗಿದ ಮೂಸೆ ಎತ್ತಲು ಬರಲಿಲ್ಲ. ಬಂದವನು ಪಕ್ಕದಲ್ಲಿ ರೇಡಿಯೇಟರ್ ರಿಪೇರಿ ಮಾಡುವ ಕರೀಂ. "ಅಕ್ಕಾ, ನನಗೆ ಬೆಂಕಿ ಗೊತ್ತು, ದೇವರು ಗೊತ್ತಿಲ್ಲ. ಎಲ್ಲಿ ಹಿಡೀಬೇಕು ಹೇಳಿ" ಎಂದು ಇಕ್ಕಳದ ಇನ್ನೊಂದು ತುದಿ ಹಿಡಿದ. ಅವಳು ಅವನನ್ನೂ ಬೈದಳು, ಆದರೆ ಎರಕ ಸರಿಯಾಗಿ ಬಂತು. ಕಣ್ಣು ತೆರೆಯಲು ಮಾತ್ರ ಪ್ರತಿಸಲವೂ ಚಲುವರಾಜು ಬೈಕಿನಲ್ಲಿ ಬರುತ್ತಿದ್ದ. ಸೂಜಿ ಆಡಿಸಿ, ಶಾಲು ಹೊದಿಸಿಕೊಂಡು, ಶಿಲ್ಪಿ ಎಂದು ಹೆಸರು ಹೇಳಿಸಿಕೊಂಡು ಹೋಗುತ್ತಿದ್ದ. ಅವಳು ಮಾಡಿದ ಒಂದು ದೇವರೂ ಅವಳ ಕೈಯಿಂದ ಕಣ್ಣು ಬಿಟ್ಟಿರಲಿಲ್ಲ.

ಹಾಗಾಗಿ ಕಟ್ಟೆಕೊಪ್ಪಲಿನ ಯಜಮಾನ ಕೆಂಪಸಿದ್ದಯ್ಯ ಫೋನು ಮಾಡಿ ತಮ್ಮೂರ ಕಟ್ಟೆಮ್ಮನ ಹೊಸ ಮೂರ್ತಿ ಬೇಕೆಂದಾಗ ಅವಳು ಮೊದಲು ಕೇಳಿದ್ದು ಅದನ್ನೇ. "ಕಣ್ಣು ನಾನೇ ತೆರೀತೀನಿ. ಒಪ್ಪಿದ್ರೆ ಮೇಣ ಮುಟ್ತೀನಿ."

"ಯಾರಾರ ತೆರೀರಿ ಕಣವ್ವ. ಅಮ್ಮ ನಮ್ಮನ್ನ ನೋಡುದ್ರೆ ಸಾಕು."

ಹಳೆಯ ಮೂರ್ತಿಯ ತೋಳು ಬಿರುಕು ಬಿಟ್ಟಿದ್ದರಿಂದ ಅದನ್ನು ಆಗಲೇ ಹೊಳೆಗೆ ಬಿಟ್ಟಿದ್ದರು. ಉಳಿದಿದ್ದದ್ದು ಒಂದು ಫೋಟೋ. ಅದರಲ್ಲಿ ತ್ರಿಶೂಲ, ಡಮರು, ಬಟ್ಟಲು ಹಿಡಿದ ಮೂರು ಕೈ ಕಾಣುತ್ತಿದ್ದವು. ನಾಲ್ಕನೆಯದು ಹೂವಿನ ಹಾರದಲ್ಲಿ ಮುಚ್ಚಿಹೋಗಿತ್ತು.

"ಆ ಕೈಲಿ ಏನಿತ್ತು?"

"ಅಕ್ಕಿ."

"ಎಂಥ ಹಕ್ಕಿ?"

"ಎಂತದು ಅಂದ್ರೆ? ನಮ್ಮೂರ ಸಣ್ಣಕ್ಕಿ ಕಣವ್ವ. ಕೈ ತುಂಬ ಇರ್ಬೇಕು."

ಸಣ್ಣ ಹಕ್ಕಿ, ಕೈ ತುಂಬ. ಮರಿತಾಯಮ್ಮನಿಗೆ ಅದು ಹಿಡಿಸಿತು. ಮೂರು ಕೈಯಲ್ಲಿ ಭಯ ಹುಟ್ಟಿಸುವ ತಾಯಿ ನಾಲ್ಕನೆಯದರಲ್ಲಿ ಪುಟ್ಟ ಜೀವವೊಂದನ್ನು ಹಿಸುಕದೆ ಹಿಡಿದುಕೊಂಡಿದ್ದಾಳೆ. ಭತ್ತದ ತೆನೆಯ ಮೇಲೆ ಗುಂಪಾಗಿ ಬಂದು ಕೂರುವ ರಾಟವಾಳದ ಹಕ್ಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆರಳುಗಳ ನಡುವೆ ಅದರ ಎದೆ ಉಬ್ಬಿದಂತೆ ಮೇಣ ತಿದ್ದಿದಳು. ಹಕ್ಕಿ ಬೇರೆ ಕೈ ಬೇರೆ ಎನ್ನುವಂತಿಲ್ಲದೆ ಎಲ್ಲವೂ ಒಂದೇ ಎರಕದಲ್ಲಿ ಬಂತು. ಮಣ್ಣಿನ ಅಚ್ಚು ಒಡೆದಾಗ ಕರೀಂ ಬಗ್ಗಿ ನೋಡಿ, "ಹಾರೋಗತ್ತೆ ಅಕ್ಕಾ ಇದು" ಎಂದ. ಅವಳು ಬೈಯಲಿಲ್ಲ.

ಮೂರ್ತಿ ಒಯ್ಯಲು ಟೆಂಪೋದಲ್ಲಿ ಬಂದವರು ಕೆಂಪಸಿದ್ದಯ್ಯ ಮತ್ತು ಕರಿಯಪ್ಪ. ಕೆಂಪಸಿದ್ದಯ್ಯ ನಾಲೆ ನೀರಿನ ಮೇಗಲ ಕೇರಿಯವನು, ಭತ್ತದ ಗದ್ದೆಯವನು. ಕರಿಯಪ್ಪ ಒಣಭೂಮಿಯ ಕೆಳಗಲ ಕೇರಿಯವನು, ರಾಗಿ ಬೆಳೆದು ಕೋಳಿ ಸಾಕುವವನು. ಅಮ್ಮನ ಹಬ್ಬದಲ್ಲಿ ಮೊದಲ ಎಡೆ ಮೇಗಲ ಕೇರಿಯ ಅಕ್ಕಿ ತಂಬಿಟ್ಟೋ, ಕೆಳಗಲ ಕೇರಿಯ ಕೋಳಿಯೋ ಎಂದು ಎರಡು ಕೇರಿಗೂ ಬಹಳ ದಿನದ ಜಗಳ. ಇದು ಮರಿತಾಯಮ್ಮನಿಗೆ ಗೊತ್ತಿರಲಿಲ್ಲ.

ಬಟ್ಟೆ ಸರಿಸಿದ್ದೇ ತಡ, ಕೆಂಪಸಿದ್ದಯ್ಯನ ಮುಖ ಕಪ್ಪಾಯಿತು.

"ಇದೇನಮ್ಮಿ ಕೈಲಿ?"

"ಹಕ್ಕಿ. ನೀವೇ ಹೇಳಿದ್ರಲ್ಲ, ಸಣ್ಣ ಹಕ್ಕಿ ಅಂತ."

"ಸಣ್ಣಕ್ಕಿ ಅಂದ್ರೆ ಸಣ್ಣಕ್ಕಿ ಕಣಮ್ಮಿ! ಅನ್ನ ಮಾಡೋ ಅಕ್ಕಿ! ಪುಕ್ಕ ಇರೋ ಅಕ್ಕಿ ಯಾವನಿಗೆ ಬೇಕಾಗಿತ್ತು? ಅದೂ ನಮ್ ಬತ್ತ ತಿಂದು ಆಳು ಮಾಡೋ ಅಕ್ಕಿನೇ ತಂದು ಕೂರಿಸಿದ್ದೀಯಲ್ಲ!"

ಕರಿಯಪ್ಪ ತೊಡೆ ತಟ್ಟಿ ನಕ್ಕ. "ಅಮ್ಮನೇ ಬರಿಸ್ಕಂಡವ್ಳೆ ಕಣ್ಲಾ ಸಿದ್ದ. ನಮ್ ತಾತ ಏಳ್ತಿದ್ದದ್ದೂ ಆರೋ ಅಕ್ಕಿನೇ. ನೋಡು, ಕೋಳಿಮರಿ."

"ನಿಮ್ ತಾತ ಅನ್ನ ಕಂಡಿದ್ನೇನ್ಲಾ? ಮುದ್ದೆ ನುಂಗಿ ಸತ್ತೋನು. ಅಕ್ಕಿ ಅಂದ್ರೆ ಕೋಳಿ ಅನ್ಕಂಡವ್ನೆ!"

"ನಾಲೆ ಬರೋಗಂಟ ನೀವು ನುಂಗ್ತಿದ್ದದ್ದೂ ಮುದ್ದೆನೇ ಕಣ್ಲೇ. ನೀರು ಬಂದ್ಮೇಲೆ ಅಮ್ಮನ ಕೈಗೆ ಅಕ್ಕಿ ತುರುಕುದ್ರಿ."

"ಕೋಳಿಮರಿ ಅಲ್ಲ ಅದು!" ಮರಿತಾಯಮ್ಮ ಕರಿಯಪ್ಪನ ಮೇಲೂ ಹರಿಹಾಯ್ದಳು. "ಕೋಳಿ ಕೊಕ್ಕು ಹಿಂಗಿರುತ್ತಾ? ಸಾಕೋ ಪ್ರಾಣಿನೂ ಗುರುತು ಸಿಗಲ್ವಾ ನಿನಗೆ?"

"ನೀನು ಸುಮ್ಕಿರಮ್ಮಿ. ನಾವು ಕೋಳಿ ಅಂದ್ರೆ ಕೋಳಿ."

ಹಳೆಯ ಮೂರ್ತಿಯನ್ನು ವರ್ಷಗಟ್ಟಲೆ ತೊಳೆದಿದ್ದ ಅಂಕಮ್ಮ ಎಂಬ ಮುದುಕಿಗೆ ಕರಿಯಪ್ಪ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದ. "ಗುಂಡಗೆ ಏನೋ ಒಂದು ಗುಬುಟು ಇತ್ತು ಕಣಪ್ಪ. ಉಜ್ಜಿ ಉಜ್ಜಿ ಸವೆದೋಗಿತ್ತು. ನಾನೇನು ಬಗೆದು ನೋಡಿದ್ನಾ?" ಎಂದು ಅವಳು ಫೋನಿಟ್ಟಳು.

ಮರಿತಾಯಮ್ಮ ತಿರುಗಿ ಮೂರ್ತಿಯ ಕೈ ನೋಡಿದಳು. ಕೆಂಪಸಿದ್ದಯ್ಯ ಅಂದು ಫೋನಿನಲ್ಲಿ ಆಡಿದ್ದ ಮಾತು ಈಗ ಬೇರೆ ಥರ ಕೇಳಿಸುತ್ತಿತ್ತು. ಆ ಮನುಷ್ಯ ಅಕ್ಕಿ ಎಂದಿದ್ದ. ಇಲ್ಲದ 'ಹ'ವನ್ನು ಹಾಕಿಕೊಂಡವಳು ತಾನೇ. ತಪ್ಪಾಯಿತು, ಇನ್ನೊಂದು ಹೊಯ್ದು ಕೊಡುತ್ತೇನೆ ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಕೆಂಪಸಿದ್ದಯ್ಯ, "ಎಣ್ಣೆಂಗ್ಸಿನ ಕೈಗೆ ಕೊಟ್ಟುದ್ದೇ ತಪ್ಪು. ಗಂಡುಸ್ನ ಕರುಸ್ತೀನಿ ಇರು" ಎಂದು ಮಂಡ್ಯಕ್ಕೆ ಫೋನು ಮಾಡಿದ. ಬಂದ ಮಾತನ್ನು ಅವಳು ನುಂಗಿಕೊಂಡಳು.

ಚಲುವರಾಜು ಬಂದಾಗ ಕೈಯಲ್ಲಿ ಗ್ರೈಂಡರ್ ಮೆಷಿನ್ನು ಇತ್ತು. ಮೂರ್ತಿಯ ಸುತ್ತ ಒಂದು ಸುತ್ತು ಬಂದು, ಹಕ್ಕಿಯನ್ನು ಬೆರಳಿನಿಂದ ಟಕಟಕ ಬಡಿದ.

"ಇಷ್ಟೇ ತಾನೇ ಯಜಮಾನ್ರೇ? ಇದನ್ನ ಕೊಯ್ದಾಕಿ ಒಂದು ಹಿಡಿ ಅಕ್ಕಿ ಕಾಣೋ ಹಂಗೆ ಬೆಸುಗೆ ಹಾಕ್ತೀನಿ. ಕಣ್ಣೂ ನಾನೇ ತೆರೀತೀನಿ, ಅಪ್ಪನ ಸೂಜಿ ತಂದಿದ್ದೀನಿ."

"ಕಣ್ಣು ನಂದು. ಮಾತಾಗಿದೆ" ಎಂದಳು ಮರಿತಾಯಮ್ಮ.

"ಮಾತು ಆಗಿದ್ದು ಅಕ್ಕಿಗೆ" ಎಂದ ಕೆಂಪಸಿದ್ದಯ್ಯ. "ನೀನು ಅದುನ್ನೇ ಮಾಡ್ಲಿಲ್ಲ. ಇನ್ನು ಕಣ್ಣಿನ ಮಾತೆಲ್ಲಿ ಬಂತು?"

"ಅದು ಒಂದೇ ಎರಕ ಕಣೋ ಚಲುವ. ಹಕ್ಕಿ ಕೊಯ್ದ್ರೆ ಬೆರಳೂ ಹೋಗುತ್ತೆ. ಬೆರಳು ಹೋದ ದೇವ್ರನ್ನ ಅಪ್ಪ ಮನೆಯಿಂದ ಆಚೆ ಕಳಿಸ್ತಿದ್ನಾ?"

"ಅಪ್ಪ ಸಾಬ್ರನ್ನ ಕರ್ಕೊಂಡು ದೇವ್ರನ್ನ ಹೊಯ್ತಿದ್ನಾ? ಅದುನ್ನ ಮೊದ್ಲು ಹೇಳಕ್ಕಯ್ಯ."

ಬಾಗಿಲಲ್ಲಿ ನಿಂತಿದ್ದ ಕರೀಂ ಕೈ ಒರೆಸಿಕೊಳ್ಳುತ್ತಾ, "ನಿಮ್ಮ ಅಂಗಡೀಲಿರೋದನ್ನ ಯಾರು ಹೊಯ್ದ್ರು ಸಾರ್? ಲಾರಿಯವನನ್ನ ಕೇಳಿದ್ದೀರಾ?" ಎಂದ. ಕರಿಯಪ್ಪ ಮತ್ತೆ ನಕ್ಕ. ಚಲುವರಾಜು ಗ್ರೈಂಡರ್ ಎತ್ತಿಕೊಂಡ. ಪ್ಲಗ್ಗು ಸಿಕ್ಕಿಸಿದ.

"ಲೇ ಅದ್ಯಾಕೆ ಮುಟ್ಟೀಯೆ? ನಮ್ ಕೋಳಿ ಅದು!" ಎಂದು ಕರಿಯಪ್ಪ ಅಡ್ಡ ಬಂದ. ಕೆಂಪಸಿದ್ದಯ್ಯ ಅವನ ಎದೆಗೆ ಕೈಯಿಟ್ಟು ನೂಕಿದ. ಕರಿಯಪ್ಪ ತಿರುಗಿ ನೂಕಿದ. ಇಬ್ಬರೂ ಒಬ್ಬರ ಕಾಲರು ಒಬ್ಬರು ಹಿಡಿದುಕೊಂಡು ಇದ್ದಲು ಗುಡ್ಡೆಯ ಮೇಲೆ ಬಿದ್ದರು. ಮೆಷಿನ್ನು ಗುಂಯ್ಯೆಂದು ಶುರುವಾಯಿತು.

ಮರಿತಾಯಮ್ಮನ ಹತ್ತಿರ ಚಿನ್ನದ ಸೂಜಿ ಇರಲಿಲ್ಲ. ಮುಹೂರ್ತ ಇರಲಿಲ್ಲ, ದೇವಿಯ ಮೊದಲ ನೋಟಕ್ಕೆ ಹಿಡಿಯಬೇಕಾದ ಕನ್ನಡಿಯೂ ಇರಲಿಲ್ಲ. ಇದ್ದದ್ದು ಗೆಜ್ಜೆ ಕೊರೆಯುವ ಉಕ್ಕಿನ ಸಣ್ಣ ಉಳಿ. ಅವಳು ಅದನ್ನು ತೆಗೆದುಕೊಂಡು ಮೂರ್ತಿಯ ಪಕ್ಕಕ್ಕೆ ಹೋಗಿ, ಎಡಗೈಯಿಂದ ದೇವಿಯ ತಲೆಯನ್ನು ಬಳಸಿ ಹಿಡಿದಳು. ಬಲಗಣ್ಣಿನ ಗೆರೆ ಎಳೆದಳು. ಚಲುವರಾಜು "ಅಕ್ಕಯ್ಯಾ!" ಎಂದು ಕಿರುಚಿದ. ಅವಳ ತೋಳು ಹಿಡಿದು ಎಳೆದ. ಅವಳು ಮೊಣಕೈಯಿಂದ ಅವನ ಮುಖಕ್ಕೆ ತಿವಿದು, ಅವನು ತೋಳು ಬಿಡದೆ ಎಳೆಯುತ್ತಿದ್ದಂತೆಯೇ ಎಡಗಣ್ಣಿಗೆ ಉಳಿ ಇಟ್ಟಳು. ಕಂಚಿನ ಸಣ್ಣ ಸುರುಳಿ ಎದ್ದು ಉದುರಿತು.

"ಬುಡ್ಲಾ! ಆಪು ಮಾಡ್ಲಾ ಅದ!" ಇದ್ದಲಿನ ಮೇಲಿಂದಲೇ ಕೆಂಪಸಿದ್ದಯ್ಯ ಕೂಗಿದ. "ಕಣ್ ಬುಟ್ಟವ್ಳೆ!"

ಮೆಷಿನ್ನು ನಿಂತಿತು. ಆಗಷ್ಟೇ ಕಣ್ಣು ತೆರೆದ ದೇವಿಯ ಮುಂದೆ ನಿಲ್ಲಬಾರದು, ಆ ಮೊದಲ ನೋಟ ಮನುಷ್ಯರನ್ನು ಸುಡುತ್ತದೆ ಎಂದು ಅವರಿಗೆಲ್ಲ ಗೊತ್ತು. ಕೆಂಪಸಿದ್ದಯ್ಯ ಅಂಗೈಯೂರಿಕೊಂಡೇ ಕಂಬದ ಹಿಂದಕ್ಕೆ ಸರಿದ. ಕರಿಯಪ್ಪ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿದ. ಏನೂ ಗೊತ್ತಿಲ್ಲದ ಕರೀಂ ಕೂಡ ಇವರನ್ನು ನೋಡಿ ಬಾಗಿಲಾಚೆ ಹಾರಿದ. ಗ್ರೈಂಡರ್ ಹಿಡಿದ ಚಲುವರಾಜು ಮಾತ್ರ ನೇರ ಎದುರಿಗೆ ಇದ್ದ. ಓಡಲು ತಿರುಗುವಷ್ಟರಲ್ಲಿ ವೈರು ಕಾಲಿಗೆ ಸಿಕ್ಕಿ ಮಂಡಿಯೂರಿ ಬಿದ್ದ.

"ಆಳಾಗೋಗ್ತೀಯ" ಎಂದ ಕೆಂಪಸಿದ್ದಯ್ಯ ಕಂಬದ ಹಿಂದಿನಿಂದ. "ಒತ್ತಿಲ್ಲ, ಗೊತ್ತಿಲ್ಲ, ಪೂಜೆ ಇಲ್ಲ. ಇಂಥ ಅಮ್ಮ ನಮ್ ಕೇರಿಗೆ ಕಾಲಿಡಕೂಡ್ದು. ನಾವು ಬೇರೆ ತರ್ತೀವಿ. ಕೈಲಿ ಅಕ್ಕಿ ಇರೋಳ್ನ."

"ನಮ್ಮ ಕೇರಿಗೆ ಬತ್ತಾಳೆ" ಎಂದ ಕರಿಯಪ್ಪ, ಗೋಡೆಯ ಕಡೆಯಿಂದಲೇ. "ಕೋಳಿ ಸಮೇತ."

"ಕೋಳಿ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?"

"ನಿನ್ನ ದೇವ್ರು ಬೇಕು, ನಿನ್ ಬಾಯಿ ಬ್ಯಾಡ ಕಣಮ್ಮಿ. ಮೊದ್ಲು ಅವಳ ಮುಖಕ್ಕೊಂದು ಬಟ್ಟೆ ಮುಚ್ಚು, ಆಚೆಗೆ ಬರ್ಬೇಕು ನಾನು."

ಅವಳು ಮುಚ್ಚಿದಳು. ಕೆಂಪಸಿದ್ದಯ್ಯ ಅಂಗಿಯ ಮಸಿ ಕೊಡವುತ್ತಾ, ಬಾಗಿಲಲ್ಲಿ ಉಗಿದು ಹೋದ. ಕರಿಯಪ್ಪ ಎತ್ತಿಕೊಂಡು ಹೋಗಲು ನಾಲ್ಕು ಜನರನ್ನು ಕರೆತರುತ್ತೇನೆಂದು ಟೆಂಪೋ ಹತ್ತಿದ. ಇಬ್ಬರಲ್ಲಿ ಒಬ್ಬನೂ ಅವಳನ್ನು ಶಿಲ್ಪಿ ಎನ್ನಲಿಲ್ಲ.

ಚಲುವರಾಜು ಎದ್ದು ವೈರು ಸುತ್ತಿಕೊಂಡ. ತುಟಿಯಲ್ಲಿ ರಕ್ತ ಜಿನುಗುತ್ತಿತ್ತು. ಹೊರಡುವ ಮೊದಲು ಮೂರ್ತಿಯ ಮುಖದ ಬಟ್ಟೆಯನ್ನು ಪಕ್ಕದಿಂದ ಸ್ವಲ್ಪ ಎತ್ತಿದ. ಅಪ್ಪನ ಹತ್ತಿರ ಕಲಿತವನು ಅವನೊಬ್ಬನೇ ಉಳಿದಿದ್ದ, ಅವಳನ್ನು ಬಿಟ್ಟರೆ. ತಲೆ ಓರೆ ಮಾಡಿ ನೋಡಿದ. ಅವನ ಮುಖ ನಿಧಾನಕ್ಕೆ ಅರಳಿತು.

"ಎಡಗಣ್ಣು ಜಾರಿದೆ ಅಕ್ಕಯ್ಯ."

ಅವಳಿಗೆ ಗೊತ್ತಿತ್ತು. ಅವನು ತೋಳು ಎಳೆದಾಗ ಉಳಿ ಕೂದಲೆಳೆಯಷ್ಟು ಕೆಳಗೆ ಹೋಗಿತ್ತು. ಬೇರೆ ಯಾರಿಗೂ ಅದು ಕಾಣುವುದಿಲ್ಲ. ಕಂಡರೂ ಇನ್ನು ಅದನ್ನು ಯಾರೂ ತಿದ್ದುವ ಹಾಗಿಲ್ಲ, ಅವಳೂ.

"ಗೊತ್ತು" ಎಂದಳು. "ಬಟ್ಟೆ ಬಿಟ್ಟು ನಡಿ ಆಚೆಗೆ."