ಜೈನಾಪುರಕ್ಕೆ ಬಂದ ಇಂಬಳ

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಮಾತಾಡಿದ್ದು, ಇಂಥವನ್ನು ನಾನು ಎಂದೂ ನಂಬಿದವಳಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನಮ್ಮದೊಂದು ಕನ್ನಡಕದ ಅಂಗಡಿ. ಅಣ್ಣ ಮತ್ತು ನಾನು ನಡೆಸುತ್ತೇವೆ. ಗಾಜು ಕೂಡಿಸುವವರೆಗೆ ಕಾಯುತ್ತ ಕೂತ ಗಿರಾಕಿಗಳು ಏನೇನೋ ಹೇಳುತ್ತಾರೆ. ಹೊಲದ ಬದುವಿನ ಮೇಲೆ ಸತ್ತ ಮುತ್ಯಾ ನಿಂತಿದ್ದ ಎಂದು ಯಾರಾದರೂ ಅಂದರೆ, “ಕಾಕಾ, ನಿಮ್ಮ ನಂಬರ್ ಹೆಚ್ಚಾಗೇತ್ರಿ, ಇನ್ನೊಮ್ಮಿ ಕಣ್ಣ ತೋರಸ್ರಿ” ಎಂದು ನಗಿಸಿಬಿಡುತ್ತಿದ್ದೆ. ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಹಾಡಹಗಲು ನನ್ನ ಕಣ್ಣೆದುರಿಗೇ ನಡೆದದ್ದನ್ನು ಅರ್ಥ ಮಾಡಿಕೊಳ್ಳಲಾಗದವಳು ಇನ್ನೊಬ್ಬರ ಮಾತಿಗೆ ಯಾವ ಬಾಯಿಂದ ನಗಲಿ?

ಪಶ್ಚಿಮ ಘಟ್ಟದ ಮಳೆಕಾಡಿನ ನಡುವೆ ಒಂದು ಸಣ್ಣ ಅಧ್ಯಯನ ಕೇಂದ್ರವಿತ್ತು. ಅದರ ಹೆಸರು ಬೇಡ. ಹಿಂದೆ ಯಾವಾಗಲೋ ಬೋಳಾದ ಇಳಿಜಾರುಗಳಲ್ಲಿ ಅದೇ ಕಾಡಿನ ಗಿಡಗಳನ್ನು ಮತ್ತೆ ಬೆಳೆಸುವುದು ಅಲ್ಲಿಯವರ ಕೆಲಸ. ಮಳೆಗಾಲದಲ್ಲಿ ಸ್ವಯಂಸೇವಕರು ಬೇಕು ಎಂಬ ಸುದ್ದಿ ಯಾರದೋ ಮೂಲಕ ನನಗೆ ಬಂತು. ಪರಿಸರದ ಮೇಲಿನ ಕಾಳಜಿಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ನಿಲ್ಲದೆ ಸುರಿಯುವ ಮಳೆ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕಾಗಿತ್ತು. ಒಮ್ಮೆ ಎಂದು ಹೋದವಳು ಆಮೇಲೆ ಪ್ರತಿ ಮಳೆಗಾಲ ಅಣ್ಣನ ಕೈಗೆ ಅಂಗಡಿ ಬಿಟ್ಟು ಓಡತೊಡಗಿದೆ. ಕಪ್ಪು ಚೀಲಗಳಿಗೆ ಮಣ್ಣು ತುಂಬುತ್ತಿದ್ದೆ, ಬೀಜ ಆರಿಸುತ್ತಿದ್ದೆ, ಸಸಿಗಳ ಬುಟ್ಟಿ ಹೊತ್ತು ಗುಡ್ಡ ಹತ್ತುತ್ತಿದ್ದೆ. ನಾವು ನೆಟ್ಟ ಗಿಡದಲ್ಲಿ ಮೊದಲ ಸಲ ಹಕ್ಕಿ ಗೂಡು ಕಟ್ಟಿದ್ದನ್ನು ನೋಡಿದ ದಿನ ನಾನು ಅತ್ತಿದ್ದೆ.

ಅಲ್ಲಿ ನನ್ನ ಕೋಣೆಯ ಜೊತೆಗಾತಿ ಸುರೇಖಾ. ಅಷ್ಟು ದೂರ ಹೋದರೂ ಸಿಕ್ಕವಳು ಬಬಲೇಶ್ವರದ ಹತ್ತಿರದ ಜೈನಾಪುರದ ಹುಡುಗಿ. ಕುರಿ ಸಾಕುವ ಮನೆತನ, ತಂದೆ ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ವಿಜಯಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಆ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದಳು. ಅವಳ ಕೆಲಸವನ್ನು ಕೇಳಿದರೆ ಮೈ ಜುಂ ಎನ್ನುತ್ತದೆ. ಜಿಗಣೆ ಹಿಡಿಯುವುದು. ಮಳೆಕಾಡಿನ ನೆಲದ ಮೇಲೆ, ಎಲೆಗಳ ಮೇಲೆ ಇರುವ ಜಿಗಣೆಯನ್ನು ಆ ಕಡೆ ಇಂಬಳ ಎನ್ನುತ್ತಾರೆ. ಅದು ಕುಡಿದ ರಕ್ತವನ್ನು ಪರೀಕ್ಷಿಸಿದರೆ ಕಾಡಿನ ಆ ಭಾಗದಲ್ಲಿ ಯಾವ ಯಾವ ಪ್ರಾಣಿ ಓಡಾಡಿದೆ ಎಂದು ತಿಳಿಯುತ್ತದಂತೆ. ಸುರೇಖಾ ಅವನ್ನು ಆರಿಸಿ ಸ್ಪಿರಿಟಿನ ಸೀಸೆಗಳಿಗೆ ಹಾಕುತ್ತಿದ್ದಳು. ನಾನು ಮುಖ ಸಿಂಡರಿಸಿದರೆ ನಗುತ್ತಿದ್ದಳು. “ನಮ್ಮ ಕುರಿ ಉಣ್ಣಿಗಿಂತ ಇವು ಭಾಳ ಮರ್ಯಾದಸ್ಥರು ಬಿಡ್ರಿ ಅಕ್ಕಾ. ಹೊಟ್ಟಿ ತುಂಬಿದ್ರ ತಾವ ಬಿಟ್ಟು ಹೋಗ್ತಾವ.” ನಾನು ಊರಿಂದ ಒಯ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ಅವಳಿಗೆ ಹಬ್ಬ.

ಆ ಮಳೆಗಾಲದ ನಡುವೆ ಒಂದು ಮುಂಜಾನೆ ಅವಳು ಮೇಲಿನ ಇಳಿಜಾರಿಗೆ ಹೋದಳು. ನಾನು ಕೆಳಗೆ ಸಸಿಗಳ ಚಪ್ಪರದಲ್ಲಿದ್ದೆ. ದೊಡ್ಡ ಲಾರಿಯೊಂದು ಒಮ್ಮೆಲೇ ಕಲ್ಲು ಸುರಿದಂಥ ಸದ್ದಾಯಿತು. ಗುಡ್ಡವೇ ಕೆಳಗಿಳಿಯುತ್ತಿತ್ತು. ನಾವೆಲ್ಲ ವರ್ಷಗಟ್ಟಲೆ ನೆಟ್ಟ ಗಿಡಗಳು ನಿಂತಂತೆಯೇ ಜಾರಿ ಹಳ್ಳಕ್ಕೆ ಹೋದವು. ರಸ್ತೆ ಕಿತ್ತುಹೋಗಿದ್ದರಿಂದ ಯಂತ್ರಗಳು ಬರಲು ಬಹಳ ತಡವಾಯಿತು. ಅಲ್ಲಿಯತನಕ ಗುದ್ದಲಿಯಿಂದ, ಕೈಯಿಂದ ಕೆದಕಿದೆವು. ಸುರೇಖಾ ಸಿಗಲಿಲ್ಲ. ಅವಳ ಚಪ್ಪಲಿಯೂ ಸಿಗಲಿಲ್ಲ. ಕೊನೆಗೆ ಹುಡುಕಾಟ ನಿಲ್ಲಿಸಿದರು, ಕೇಂದ್ರವನ್ನೂ ಮುಚ್ಚಿದರು. ನಾನು ವಿಜಯಪುರಕ್ಕೆ ಬಂದು ಅಂಗಡಿಯಲ್ಲಿ ಕೂತೆ.

ಬೇಸಿಗೆ ಶುರುವಾದ ಮೇಲೆ ಕೇಂದ್ರದ ಮುಖ್ಯಸ್ಥರಾಗಿದ್ದವರು ಸುರೇಖಾಳ ಚೀಲವನ್ನು ನನ್ನ ವಿಳಾಸಕ್ಕೆ ಕಳಿಸಿದರು. ಅವಳ ತಾಯಿಗೆ ಮುಟ್ಟಿಸಬೇಕೆಂದು ಕೇಳಿಕೊಂಡಿದ್ದರು. ಚೀಲ ತೆರೆದರೆ ಬೂಷ್ಟಿನ ವಾಸನೆ. ಆ ಸ್ಥಿತಿಯಲ್ಲಿ ತಾಯಿಯ ಕೈಗೆ ಕೊಡುವುದು ಬೇಡವೆನಿಸಿತು. ಎಲ್ಲ ಬಟ್ಟೆ ತೆಗೆದು ಒಗೆದೆ, ಕೊಡವಿದೆ, ನಮ್ಮ ಮಾಳಿಗೆಯ ಮೇಲೆ ಹರವಿದೆ. ವಿಜಯಪುರದ ಏಪ್ರಿಲ್ ಬಿಸಿಲು ಎಂಥದೆಂದು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ; ಆ ಮಾಳಿಗೆಯ ಮೇಲೆ ಬರಿಗಾಲಲ್ಲಿ ನಿಲ್ಲುವುದು ಸಾಧ್ಯವಿಲ್ಲ. ಚೀಲವನ್ನೂ ಒಳಗು ಹೊರಗು ಮಾಡಿ ಒಣಗಿಸಿದೆ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ಚೀಲದಲ್ಲಿ ಜೀವವಿರುವ ಏನೂ ಇರಲಿಲ್ಲ. ಮಡಚಿ ತುಂಬಿದವಳು ನಾನೇ.

ಮರುದಿನ ಬಬಲೇಶ್ವರದವರೆಗೆ ಬಸ್ಸಿನಲ್ಲಿ ಹೋದೆ. ಸುರೇಖಾಳ ಸೋದರಮಾವ ಬೀರಪ್ಪ ಗಾಡಿ ತಂದು ನಿಂತಿದ್ದ. “ಬರ್ರಿ ಅಕ್ಕಾರ, ಭಾಳ ಬಿಸಲಾತು. ಅಕ್ಕ ಮುಂಜಾನಿಂದ ನಿಮ್ಮ ಹಾದಿ ನೋಡಾಕತ್ತಾಳ” ಎಂದ. ಜೈನಾಪುರದ ದಾರಿಯಲ್ಲಿ ಗಾಡಿ ನಿಧಾನ ಮಾಡಿ ಅಕ್ಕನ ಹೊಲದ ಮೂಲೆ ತೋರಿಸಿದ. ಬೇವಿನ ಗಿಡದ ಕೆಳಗೆ ಸುರೇಖಾಳ ತಂದೆಯ ಸಮಾಧಿ. ಪಕ್ಕದಲ್ಲಿ ಹೊಸದಾಗಿ ತೋಡಿದ ಸಣ್ಣ ಕುಣಿ.

“ಹೆಣಾ ಅಂತೂ ಸಿಗಲಿಲ್ರಿ. ಆಕಿ ಉಟ್ಟ ಒಂದ ಅರಬಿ ಇದ್ರ ಅದನ್ನ ಮಣ್ಣಾಗ ಇಟ್ಟು ಆಕಿ ದಿನಾ-ಕರ್ಮಾ ಮಾಡಿಬಿಡ್ತೇವಿ. ಅಕ್ಕ ಇಷ್ಟ ದಿನಾ ಒಲ್ಲೆ ಒಲ್ಲೆ ಅಂತಿದ್ಲು. ಈಗ ಹೂಂ ಅಂದಾಳ” ಎಂದ ಬೀರಪ್ಪ. ಅವನ ದನಿಯಲ್ಲಿ ಒಂದು ಭಾರ ಇಳಿಯಲಿದೆ ಎಂಬ ಸಮಾಧಾನವಿತ್ತು.

ತಾಯಿ ಬೌರವ್ವ ತಗಡಿನ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದಳು. ನೀರು ಕೊಟ್ಟಳು. ಅಳಲಿಲ್ಲ. “ಕಾಡು ಅಂದ್ರ ಹ್ಯಾಂಗಿರತೈತಿ ಬೇ? ಆಕಿ ಫೋನಿನ್ಯಾಗ ಹೇಳ್ತಿದ್ಲು, ನನಗ ತಿಳೀತಿರಲಿಲ್ಲ” ಎಂದು ಕೇಳಿದಳು. ಚೀಲ ಅವಳ ಮುಂದಿಟ್ಟೆ.

ಒಂದೊಂದೇ ಬಟ್ಟೆ ತೆಗೆದು ಮೂಗಿಗೆ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡಳು. ನಾನು ಒಗೆದದ್ದಕ್ಕೆ ಆಗ ಬಹಳ ಸಂಕಟವಾಯಿತು. ಮಗಳ ವಾಸನೆ ಯಾವುದರಲ್ಲೂ ಉಳಿದಿರಲಿಲ್ಲ. ಕಟ್ಟಕಡೆಗೆ ಜಿಗಣೆ ಒಳಹೋಗದಂತೆ ಮೊಣಕಾಲ ತನಕ ಹಾಕಿಕೊಳ್ಳುವ ದಪ್ಪ ಬಟ್ಟೆಯ ಕಾಲುಚೀಲ ಬಂದವು. ಬೌರವ್ವ ಒಂದನ್ನು ಬಿಡಿಸಿದಳು. ಅದರೊಳಗಿಂದ ಏನೋ ಫರಸಿ ಕಲ್ಲಿನ ನೆಲದ ಮೇಲೆ ಬಿತ್ತು.

ಇಂಬಳ. ಕಪ್ಪು ದ್ರಾಕ್ಷಿಯಂತೆ ಉಬ್ಬಿಕೊಂಡಿತ್ತು. ಬಿದ್ದಲ್ಲೇ ಸ್ವಲ್ಪ ಹೊತ್ತು ಇದ್ದು ಮೆಲ್ಲಗೆ ಒಂದು ತುದಿ ಎತ್ತಿ ಗಾಳಿಯಲ್ಲಿ ಆಡಿಸಿತು.

ಬೀರಪ್ಪ ಗಾಬರಿಯಾಗಿ ಎದ್ದ. “ಯಪ್ಪಾ, ಜಿಗಣಿ! ನಮ್ಮೂರ ಬಿಸಲಾಗ ಇದು ಎಲ್ಲಿಂದ ಬಂತ್ರಿ ಅಕ್ಕಾರ?” ಎನ್ನುತ್ತಲೇ ಒಳಗಿಂದ ಉಪ್ಪು ತಂದು ಎರಚಿದ. ಹರಳು ತಾಗಿದ್ದೇ ತಡ ಇಂಬಳ ಮುದುಡಿ ಒಂದು ಹನಿ ರಕ್ತ ಕಾರಿತು. ನಾನು ಅಷ್ಟು ಮಳೆಗಾಲ ಸುರೇಖಾಳ ಜೊತೆ ಕಳೆದವಳು. ಹಳೆಯ ರಕ್ತ ಕಪ್ಪಗಿರುತ್ತದೆ. ಇದು ಕೆಂಪಗಿತ್ತು. ಈಗತಾನೆ ಬೆರಳು ಕೊಯ್ದುಕೊಂಡರೆ ಬರುವಂಥ ಕೆಂಪು.

“ಮುಟ್ಟಬ್ಯಾಡೋ ಬೀರ್ಯಾ!” ಎಂದು ಬೌರವ್ವ ಕೂಗಿ ಅದನ್ನು ಅಂಗೈಯಲ್ಲಿ ಎತ್ತಿಕೊಂಡಳು. ತಂಬಿಗೆಯ ನೀರಿನಿಂದ ಉಪ್ಪು ತೊಳೆದಳು.

ನಾನು ಮೊದಲು ನನ್ನ ಕಾಲು ನೋಡಿಕೊಂಡೆ. ಆಮೇಲೆ ಅವರಿಬ್ಬರ ಕೈಕಾಲು, ಕತ್ತು ನೋಡಿದೆ. ಇಂಬಳ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತದೆ. ಯಾರ ಮೈಮೇಲೂ ಒಂದು ಗೀರು ಕೂಡ ಇರಲಿಲ್ಲ.

ಬೌರವ್ವ ಅಂಗೈ ನೋಡುತ್ತ ಮೆಲ್ಲಗೆ ಹೇಳಿದಳು: “ಹಸೀ ರಕ್ತ ಐತಿ. ಆಕಿ ಜೀವಂತ ಅದಾಳ.”

“ಅಕ್ಕಾ, ಹುಚ್ಚರಂಗ ಮಾತಾಡಬ್ಯಾಡ.”

“ಕುಣಿ ಮುಚ್ಚಸು. ದಿನಾ ಮಾಡೂದಿಲ್ಲ. ನನ್ನ ಮಗಳು ಎಲ್ಲೋ ಕುಂತಾಳ.”

ಬೀರಪ್ಪ ನನ್ನ ಮುಖ ನೋಡಿದ. ಓದಿದವಳು ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದ. ನಾನು ಖಾಲಿ ಚೀಲವನ್ನು ಮಡಚಿಟ್ಟು ಎದ್ದೆ.

ಊರಿಗೆ ಬಂದವಳೇ ಆ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಸಹನೆಯಿಂದ ಕೇಳಿಸಿಕೊಂಡರು. ಕಾಲುಚೀಲದ ಹೊಲಿಗೆಯಲ್ಲಿ ಮೊಟ್ಟೆ ಉಳಿದಿರಬಹುದೇ ಎಂದು ತಮ್ಮನ್ನೇ ಕೇಳಿಕೊಂಡರು. ಮರಿ ನೂಲಿನ ಎಳೆಯಂತಿರುತ್ತದೆ, ಇದು ದ್ರಾಕ್ಷಿಯಷ್ಟಿತ್ತು ಎಂದೆ. ರಕ್ತವೆಲ್ಲಿಂದ ಬಂತು ಎಂದೂ ಕೇಳಿದೆ. ಅದನ್ನು ಸ್ಪಿರಿಟಿನಲ್ಲಿ ಹಾಕಿ ಕಳಿಸಿದರೆ ಪರೀಕ್ಷೆ ಮಾಡಿಸುತ್ತೇನೆ, ತಾಯಿಯ ರಕ್ತದೊಂದಿಗೆ ಹೋಲಿಸಿ ನೋಡಬಹುದು ಎಂದರು. ನಾನು ಬೌರವ್ವನಿಗೆ ತಿಳಿಸಿದೆ. “ಸ್ಪಿರಿಟಿನ್ಯಾಗ ಹಾಕಿದ್ರ ಅದು ಸಾಯತೈತಿಲ್ಲೋ? ಆಕಿ ರಕ್ತ ಹೊಟ್ಟ್ಯಾಗ ಇಟಗೊಂಡ ಜೀವಾನ ನಾ ಕೊಲ್ಲಲ್ಯಾ?” ಎಂದು ಫೋನ್ ಇಟ್ಟುಬಿಟ್ಟಳು. ಹಿತ್ತಾಳೆಯ ತಂಬಿಗೆಯಲ್ಲಿ ಹಸಿ ಬಟ್ಟೆ ಹಾಕಿ, ಬಾಯಿ ಕಟ್ಟಿ, ಅದನ್ನು ನೆರಳಿನಲ್ಲಿ ಇಟ್ಟುಕೊಂಡಿದ್ದಳು.

ಕಾಡಿಗೆ ಕರೆದುಕೊಂಡು ಹೋಗು ಎಂದು ಮತ್ತೆ ಮತ್ತೆ ಫೋನ್ ಬರತೊಡಗಿತು. ಮಳೆ ಬೀಳುವ ಮೊದಲು ಜೀಪು ಮಾಡಿಕೊಂಡು ನಾವು ಮೂವರೂ ಹೊರಟೆವು. ಕೇಂದ್ರದ ಹಂಚುಗಳನ್ನು ಯಾರೋ ತೆಗೆದಿದ್ದರು. ಸಸಿಗಳ ಚಪ್ಪರ ನೆಲಕ್ಕೆ ಕುಸಿದಿತ್ತು, ನೀರು ಕಾಣದೆ ಒಣಗಿದ ಸಸಿಗಳು ಕಪ್ಪು ಚೀಲಗಳಲ್ಲಿ ಹಾಗೇ ನಿಂತಿದ್ದವು. ಮೇಲೆ ಗುಡ್ಡದ ತುಂಬ ಬರೀ ಕೆಂಪು ಮಣ್ಣು. ಕಾಡಿನ ಗಿಡ ಒಂದೂ ಎದ್ದಿರಲಿಲ್ಲ, ಕಳೆ ಎದ್ದಿತ್ತು. ಬೌರವ್ವ ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದಳು. ಅಷ್ಟು ಮಣ್ಣು ಇರುತ್ತದೆ ಎಂದು ಅವಳು ಎಣಿಸಿರಲಿಲ್ಲ ಎಂದು ಕಾಣುತ್ತದೆ. ಆಮೇಲೆ ಹೊಲದಿಂದ ಕರೆಯುವ ಹಾಗೆ ಬಾಯಿಗೆ ಕೈ ಹಚ್ಚಿ ಕೂಗಿದಳು. “ಸುರೇಖಾ, ಬಾ ಬೇ! ಮನಿಗಿ ಹೋಗೂನು!”

ಆ ಕೂಗು ಎದುರಿನ ಕಾಡಿಗೆ ಹೋಗಿ ಅಲ್ಲೇ ಉಳಿಯಿತು. ಗಂಟಲು ಕಟ್ಟುವ ತನಕ ಕೂಗಿದಳು. ಬೀರಪ್ಪ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದ.

ಜೈನಾಪುರಕ್ಕೆ ಬಂದು ತಂಬಿಗೆಯ ಬಾಯಿ ಬಿಚ್ಚಿದಾಗ ಇಂಬಳ ಸತ್ತಿತ್ತು. ನೀರು ಕದಡಿ ನಾರುತ್ತಿತ್ತು. ಬೌರವ್ವ ಅದನ್ನು ಬಹಳ ಹೊತ್ತು ನೋಡಿದಳು. ಈಗಲೂ ಸ್ಪಿರಿಟಿನಲ್ಲಿ ಹಾಕಿದರೆ ಏನಾದರೂ ತಿಳಿಯಬಹುದು ಎಂದು ನನಗೆ ಹೊಳೆಯಿತು. ಬಾಯಿ ತೆರೆಯಲಾಗಲಿಲ್ಲ. ಅವಳು ಎದ್ದು ಒಂದು ಕಾಲುಚೀಲ ತಂದು, ಸತ್ತ ಇಂಬಳವನ್ನು ಅದರಲ್ಲಿ ಇಟ್ಟು ಮಡಚಿದಳು. ಬೀರಪ್ಪನಿಗೆ, “ನಡಿ, ಹೊಲಕ್ಕ ಹೋಗೂನು” ಎಂದಳು. ಅವನು ಕುಣಿ ಮುಚ್ಚಿಸಿರಲಿಲ್ಲ. ಮುಚ್ಚಿಸಲು ಮನಸ್ಸಾಗಿರಲಿಲ್ಲವಂತೆ.

ಗಂಡನ ಸಮಾಧಿಯ ಪಕ್ಕದಲ್ಲಿ ಆ ಸಣ್ಣ ಗಂಟನ್ನು ಅವಳೇ ಇಳಿಸಿದಳು. ಮೂವರೂ ಮಣ್ಣು ಹಾಕಿದೆವು. ಆಗ ಬೌರವ್ವ ನನ್ನ ಕಡೆ ತಿರುಗಿದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ನೀರಿತ್ತು.

“ನೀ ಆಕಿ ಕೂಡ ಇದ್ದಾಕಿ. ನೀನರ ಹೇಳ ಬೇ, ಅದರಾಗಿದ್ದ ರಕ್ತ ಆಕೀದ ಹೌದಿಲ್ಲೋ?”

“ಹೌದು ಯವ್ವಾ, ಆಕೀದ” ಎಂದೆ.

ಆ ಮಾತು ಆಡಿ ವರ್ಷಗಳಾದವು. ನಾನು ಹೇಳಿದ್ದು ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ.